ಕ್ಯಾಲೊರಿ ಲೆಕ್ಕ ಸರಿ ಇದೆ, ರಕ್ತದ ರಿಪೋರ್ಟ್ ಯಾಕೆ ಸರಿ ಇಲ್ಲ?

ಪ್ರಶ್ನೆ: ನನಗೆ 41 ವರ್ಷ, ಗಂಡಸು. ಎತ್ತರ 170 ಸೆಂ.ಮೀ., ತೂಕ 68 ಕೆ.ಜಿ., ಸೊಂಟದ ಸುತ್ತಳತೆ 94 ಸೆಂ.ಮೀ. ಕೂತು ಮಾಡುವ ಕೆಲಸ. ಎರಡು ವರ್ಷದಿಂದ ಆ್ಯಪ್‌ನಲ್ಲಿ ಕ್ಯಾಲೊರಿ ಬರೆದಿಡುತ್ತಿದ್ದೇನೆ, ದಿನಕ್ಕೆ 1,750 ದಾಟುವುದಿಲ್ಲ. ತೂಕ ಏರಿಲ್ಲ, ಇಳಿದೂ ಇಲ್ಲ. ಆ ಲೆಕ್ಕದೊಳಗೇ ಬಿಸ್ಕತ್ತು, ಕೂಲ್ ಡ್ರಿಂಕ್ ಸೇರಿಸಿಕೊಳ್ಳುತ್ತೇನೆ. ಎಲ್ಲಿಂದ ಬಂದರೂ ಕ್ಯಾಲೊರಿ ಕ್ಯಾಲೊರಿಯೇ ಅಲ್ವಾ? ಆದರೆ ಈ ಸಲ ಖಾಲಿ ಹೊಟ್ಟೆಯ ಸಕ್ಕರೆ 108, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 210 ಬಂದಿದೆ. 1,200ಕ್ಕೆ ಇಳಿಸಿದರೆ ಸರಿಹೋಗುತ್ತದಾ? ಕಡಿಮೆ ತಿಂದವರು ಜಾಸ್ತಿ ವರ್ಷ ಬದುಕುತ್ತಾರೆ ಎಂದು ಓದಿದ್ದೇನೆ. ನಿಜವೇ? ಒಂದು ದಿನದ ಪಟ್ಟಿ ಜೊತೆಗಿದೆ.

ಉತ್ತರ: 1,200ಕ್ಕೆ ಇಳಿಸಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಿಮ್ಮ ತೊಂದರೆ ಪಟ್ಟಿಯ ಮೇಲಿನ ಸಾಲುಗಳಲ್ಲಿದೆ. ಕೆಳಗಿನ ಮೊತ್ತವನ್ನೇ ನೋಡುತ್ತಾ ಕೂತಿದ್ದಕ್ಕೆ ಅದು ಕಣ್ಣಿಗೆ ಬಿದ್ದಿಲ್ಲ.

ಆದರೂ ಮೊದಲು ಆ ಮೊತ್ತವನ್ನೇ ನೋಡೋಣ. ನಿಮ್ಮ ವಯಸ್ಸಿನ, ನಿಮ್ಮಷ್ಟೇ ಎತ್ತರ ತೂಕದ, ಕೂತು ಕೆಲಸ ಮಾಡುವ ಗಂಡಸಿನ ದೇಹ ದಿನಕ್ಕೆ ಹೆಚ್ಚುಕಡಿಮೆ 2,100ರಿಂದ 2,200 ಕ್ಯಾಲೊರಿ ಖರ್ಚು ಮಾಡುತ್ತದೆ. ನೀವು ನಿಜಕ್ಕೂ 1,750 ತಿನ್ನುತ್ತಿದ್ದರೆ ಎರಡು ವರ್ಷದಲ್ಲಿ ಹಳೇ ಪ್ಯಾಂಟು ಸಡಿಲ ಆಗಬೇಕಿತ್ತು. ಆಗಿಲ್ಲ. ತೂಕ ನಿಂತಲ್ಲೇ ನಿಂತಿದೆ ಎಂದರೆ ಒಳಗೆ ಹೋಗುವುದೂ ಖರ್ಚಾಗುವುದೂ ಸಮ ಇದೆ ಎಂದೇ ಅರ್ಥ. ಹಾಗಾದರೆ ಪಟ್ಟಿಗೆ ಸೇರದ ಮುನ್ನೂರೋ ನಾನೂರೋ ಕ್ಯಾಲೊರಿ ಎಲ್ಲೋ ಇದೆ.

ಇದಕ್ಕೆ ನಾಚಿಕೊಳ್ಳಬೇಕಾಗಿಲ್ಲ, ಎಲ್ಲರೂ ಹೀಗೇ. 1992ರಲ್ಲಿ ಅಮೆರಿಕದ ಸಂಶೋಧಕರು ‘ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ’ ಎನ್ನುವವರನ್ನೇ ಹುಡುಕಿ ಅಳೆದು ನೋಡಿದರು. ಅವರ ದೇಹದ ಖರ್ಚಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ತಿಂದದ್ದನ್ನು ಸರಾಸರಿ 47% ಕಡಿಮೆ ಬರೆದಿದ್ದರು. ಓಡಾಟವನ್ನು 51% ಜಾಸ್ತಿ ಬರೆದಿದ್ದರು. ಅವರೇನೂ ಸುಳ್ಳು ಹೇಳುತ್ತಿರಲಿಲ್ಲ, ಹಾಗೇ ನಂಬಿದ್ದರು. ಒಂದು ಟೀ ಚಮಚ ಎಣ್ಣೆಗೆ 40 ಕ್ಯಾಲೊರಿ. ಬಾಣಲೆಗೆ ಕಣ್ಣಳತೆಯಲ್ಲಿ ಎಣ್ಣೆ ಬಗ್ಗಿಸುವಾಗ ಒಂದು ಚಮಚ ಮೂರಾಗುವುದು ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಪಟ್ಟಿಯಲ್ಲಂತೂ ಎಣ್ಣೆ ಎಂಬ ಪದವೇ ಇಲ್ಲ.

ಅಂದಹಾಗೆ, ಆ್ಯಪ್ ತೋರಿಸುವ ಅಂಕಿಗಳೂ ಅಂದಾಜೇ. ಪಿಷ್ಟ, ಪ್ರೋಟೀನ್ ಗ್ರಾಂಗೆ 4, ಕೊಬ್ಬು ಗ್ರಾಂಗೆ 9 ಎಂಬ ಲೆಕ್ಕವನ್ನು 19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ವಿಲ್ಬರ್ ಅಟ್‌ವಾಟರ್ ಹಾಕಿಕೊಟ್ಟರು. ಒಳ್ಳೆಯ ಸರಾಸರಿ, ಇಂದಿಗೂ ನಡೆಯುತ್ತಿದೆ. ಆದರೆ ಸರಾಸರಿ ಅಷ್ಟೇ. ಬಾದಾಮಿಯನ್ನೇ ತೆಗೆದುಕೊಳ್ಳಿ. ಹಳೇ ಲೆಕ್ಕದಲ್ಲಿ 28 ಗ್ರಾಂ ಬಾದಾಮಿಗೆ ಸುಮಾರು 170 ಕ್ಯಾಲೊರಿ. ಜನರಿಗೆ ತಿನ್ನಿಸಿ, ಹೊರಗೆ ಹೋದದ್ದನ್ನೂ ಅಳೆದಾಗ ದೇಹಕ್ಕೆ ದಕ್ಕಿದ್ದು 129 ಮಾತ್ರ ಎಂದು 2012ರಲ್ಲಿ ಗೊತ್ತಾಯಿತು. ಗಟ್ಟಿ ಜೀವಕೋಶದ ಗೋಡೆಯೊಳಗೆ ಸಿಕ್ಕಿಕೊಂಡ ಕೊಬ್ಬಿನ ಒಂದು ಪಾಲು ಜೀರ್ಣವಾಗದೆ ಹಾಗೇ ದಾಟಿ ಹೋಗುತ್ತದೆ. ಇನ್ನು ಪ್ರೋಟೀನ್ ಅರಗಿಸುವುದಕ್ಕೇ ಅದರ ಶಕ್ತಿಯ 20ರಿಂದ 30% ಖರ್ಚಾಗುತ್ತದೆ. ಪಿಷ್ಟಕ್ಕೆ 5ರಿಂದ 10%. ಕೊಬ್ಬಿಗೆ 3%ಕ್ಕಿಂತ ಜಾಸ್ತಿ ಇಲ್ಲ. ಪಟ್ಟಿಯಲ್ಲಿ ಒಂದೇ ಅಂಕಿ ತೋರಿಸುವ ಎರಡು ತಿಂಡಿ ಹೊಟ್ಟೆಗೆ ಹೋದ ಮೇಲೆ ಒಂದೇ ಆಗಿ ಉಳಿಯುವುದಿಲ್ಲ.

ಈಗ ಮೇಲಿನ ಸಾಲುಗಳಿಗೆ ಬರೋಣ. ಬೆಳಿಗ್ಗೆ ಪ್ಯಾಕೆಟ್ ಸೀರಿಯಲ್. ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಮಧ್ಯಾಹ್ನ ಬಿಳಿ ಬ್ರೆಡ್ಡಿನ ಸ್ಯಾಂಡ್‌ವಿಚ್. ಸಂಜೆ ಆರು ಕ್ರೀಮ್ ಬಿಸ್ಕತ್ತು, 330 ಮಿ.ಲೀ.ನ ಒಂದು ಕೂಲ್ ಡ್ರಿಂಕ್. ರಾತ್ರಿ ‘ಲೈಟಾಗಿ’ ಇನ್‌ಸ್ಟಂಟ್ ನೂಡಲ್ಸ್. ಹಣ್ಣು ಇಲ್ಲ. ಬೇಳೆ ಕಾಳು ಇಲ್ಲ. ತರಕಾರಿ ಎಂದರೆ ಸ್ಯಾಂಡ್‌ವಿಚ್ ಒಳಗಿನ ಸೌತೆಕಾಯಿ.

ಸಕ್ಕರೆ ಕೂಡಿಸಿ ನೋಡಿದೆ. ಕಾಫಿಯಲ್ಲಿ 24 ಗ್ರಾಂ. ಡ್ರಿಂಕಿನಲ್ಲಿ ಸುಮಾರು 35. ಬಿಸ್ಕತ್ತಿನಲ್ಲಿ 20ರ ಆಸುಪಾಸು. ಸೀರಿಯಲ್ ಬಿಟ್ಟರೂ 80 ಗ್ರಾಂ ಹತ್ತಿರ ಬಂತು, ಅಂದರೆ 320 ಕ್ಯಾಲೊರಿ. ನಿಮ್ಮ 1,750ರಲ್ಲಿ ಅದು 18%. ಹೀಗೆ ಮೇಲಿಂದ ಸೇರಿಸಿದ ಸಕ್ಕರೆ ದಿನದ ಕ್ಯಾಲೊರಿಯ 10% ದಾಟಬಾರದು, 5%ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ನಾರಿನಂಶ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು. ಈ ಪಟ್ಟಿಯಲ್ಲಿ ಅದರ ಅರ್ಧವೂ ಸಿಗಲಿಕ್ಕಿಲ್ಲ.

‘ಆದರೆ ಮೊತ್ತದೊಳಗೇ ಇದೆಯಲ್ಲ’ ಎನ್ನುತ್ತೀರಿ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ತೂಕದ ಮಟ್ಟಿಗೆ ಮೊತ್ತವೇ ಮುಖ್ಯ. ಆ ಮೊತ್ತ ಎಷ್ಟಾಗಬೇಕು ಎನ್ನುವುದನ್ನು ನೀವೊಬ್ಬರೇ ತೀರ್ಮಾನ ಮಾಡುತ್ತಿಲ್ಲ, ತಟ್ಟೆಯಲ್ಲಿರುವ ತಿಂಡಿಯೂ ಮಾಡುತ್ತದೆ. ಇದಕ್ಕೆ ನಾನು ಕಂಡ ಅತಿ ಚೊಕ್ಕ ಪುರಾವೆ 2019ರಲ್ಲಿ ಬಂತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಜೊತೆಯವರು 20 ಜನರನ್ನು ನಾಲ್ಕು ವಾರ ಆಸ್ಪತ್ರೆಯೊಳಗೇ ಇರಿಸಿಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ, ವಿಪರೀತ ಸಂಸ್ಕರಿಸಿದ ಊಟ. ಇನ್ನೆರಡು ವಾರ ಹಣ್ಣು, ತರಕಾರಿ, ಕಾಳು, ಮೊಟ್ಟೆ, ಮಾಂಸದಿಂದ ಅಲ್ಲೇ ಮಾಡಿದ ಊಟ. ಎರಡರಲ್ಲೂ ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎಲ್ಲ ಹೆಚ್ಚುಕಡಿಮೆ ಸಮ. ಸೂಚನೆ ಒಂದೇ: ಎಷ್ಟು ಬೇಕೋ ಅಷ್ಟು ತಿನ್ನಿ.

ಪ್ಯಾಕೆಟ್ ಊಟದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ತೂಕ 0.9 ಕೆ.ಜಿ. ಏರಿತು. ಇನ್ನೊಂದು ಊಟದಲ್ಲಿ ಅಷ್ಟೇ ಇಳಿಯಿತು. ರುಚಿ ಹೇಗಿದೆ ಎಂದು ಕೇಳಿದರೆ ಎರಡಕ್ಕೂ ಒಂದೇ ಅಂಕ ಕೊಟ್ಟಿದ್ದರು, ಹಾಗಾಗಿ ಬಾಯಿ ಚಪಲ ಎಂದು ತಳ್ಳಿಹಾಕುವಂತಿಲ್ಲ. ಮೆತ್ತಗಿನ ತಿಂಡಿಯನ್ನು ಅವರು ಬೇಗ ಬೇಗ ತಿಂದು ಮುಗಿಸುತ್ತಿದ್ದರು. ಅದರ ಪ್ರತಿ ತುತ್ತಿನಲ್ಲೂ ಕ್ಯಾಲೊರಿ ಒತ್ತೊತ್ತಾಗಿತ್ತು. ಹೊಟ್ಟೆ ತುಂಬಿದೆ ಎಂಬ ಸುದ್ದಿ ಮೆದುಳಿಗೆ ಮುಟ್ಟಲು ಸಮಯ ಬೇಕು, ಅಷ್ಟರಲ್ಲಿ ತಟ್ಟೆ ಖಾಲಿ.

ನಿಮ್ಮ ಕಾಣೆಯಾದ 400 ಕ್ಯಾಲೊರಿ ಎಲ್ಲಿಂದ ಬರುತ್ತಿದೆ ಎಂಬ ಗುಟ್ಟೂ ಇಲ್ಲೇ ಇದೆ ಎಂದು ನನ್ನ ಅನುಮಾನ. ಇಂಥ ಊಟದ ಮೇಲೆ 1,750ಕ್ಕೆ ನಿಲ್ಲುವುದು ಎಂದರೆ ದಿನವಿಡೀ ಹಸಿವಿನ ಜೊತೆ ಗುದ್ದಾಟ. ರಾತ್ರಿ ಹತ್ತಕ್ಕೆ ಡಬ್ಬಕ್ಕೆ ಕೈ ಹಾಕಿದ್ದು ಆ್ಯಪ್‌ಗೆ ಹೋಗುವುದಿಲ್ಲ.

ಇನ್ನು ರಿಪೋರ್ಟ್. ಸಕ್ಕರೆ 108 ಎಂದರೆ ಮಧುಮೇಹ ಅಲ್ಲ. 100ರಿಂದ 125ರವರೆಗೆ ಅದರ ಹಿಂದಿನ ಮೆಟ್ಟಿಲು. ಟ್ರೈಗ್ಲಿಸರೈಡ್ 150ರೊಳಗೆ ಇರಬೇಕು, 200 ದಾಟಿದರೆ ಜಾಸ್ತಿ ಎಂದೇ ಲೆಕ್ಕ. ಇವೆರಡು ಬೇರೆ ಬೇರೆ ಕಾಯಿಲೆಯ ಹಾಗೆ ಕಾಣುತ್ತವೆ. ಆದರೆ ನಿಮ್ಮ ಸೊಂಟದ ಅಳತೆ ಜೊತೆಗಿಟ್ಟು ನೋಡಿದರೆ ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ: ಲಿವರ್.

ಮಾಮೂಲಿ ಸಕ್ಕರೆಯ ಅರ್ಧ ಭಾಗ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್. ಗ್ಲೂಕೋಸನ್ನು ದೇಹದ ಎಲ್ಲ ಅಂಗಗಳೂ ಬಳಸುತ್ತವೆ. ಫ್ರಕ್ಟೋಸಿನ ಬಹುಪಾಲು ಹೊರೆ ಬೀಳುವುದು ಲಿವರ್ ಮೇಲೆ. ಹಣ್ಣಿನಲ್ಲೂ ಫ್ರಕ್ಟೋಸ್ ಇದೆ, ಆದರೆ ನಾರಿನ ಜೊತೆ ನಿಧಾನವಾಗಿ, ಸ್ವಲ್ಪ ಸ್ವಲ್ಪ ಬರುತ್ತದೆ. ಬಾಟಲಿಯಿಂದ ಬರುವುದು ಐದು ನಿಮಿಷದಲ್ಲಿ ಒಟ್ಟಿಗೆ. ಅಷ್ಟನ್ನು ಉರಿಸಿ ಮುಗಿಸಲಾಗದೆ ಲಿವರ್ ಅದನ್ನು ಕೊಬ್ಬು ಮಾಡುತ್ತದೆ. ಒಂದಿಷ್ಟು ಕೊಬ್ಬನ್ನು ರಕ್ತಕ್ಕೆ ಬಿಡುತ್ತದೆ. ನಿಮ್ಮ ರಿಪೋರ್ಟಿನ 210 ಅದೇ. ಉಳಿದದ್ದು ತುಂಬಿದ ಗೋದಾಮಿನಲ್ಲಿ ಇನ್ನಷ್ಟು ಮೂಟೆ ತುರುಕಿದ ಹಾಗೆ ಅಲ್ಲೇ ಕೂರುತ್ತದೆ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಕೇಳುವುದಿಲ್ಲ. ರಾತ್ರಿ ನೀವು ಮಲಗಿದ್ದಾಗ ‘ಸಾಕು, ಸಕ್ಕರೆ ಬಿಡುವುದು ನಿಲ್ಲಿಸು’ ಎಂದು ಇನ್ಸುಲಿನ್ ಹೇಳಿದರೂ ಅದು ಬಿಡುತ್ತಲೇ ಇರುತ್ತದೆ. ಬೆಳಿಗ್ಗೆ ಏನೂ ತಿನ್ನದೆ ಹೋಗಿ ರಕ್ತ ಕೊಟ್ಟರೂ 108 ಬಂದದ್ದು ಹೀಗೆ.

68 ಕೆ.ಜಿ. ದಪ್ಪವೇನಲ್ಲ ಎಂದು ನೀವು ನೆಮ್ಮದಿಯಿಂದಿದ್ದಿರಿ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಿಮಗೆ ಅದು 85 ಸೆಂ.ಮೀ. ನಿಮ್ಮದು 94. ಚರ್ಮದ ಕೆಳಗೆ ಕೊಬ್ಬು ಇಟ್ಟುಕೊಳ್ಳುವ ಜಾಗ ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಿಗೆ ಬೇಗ ತುಂಬಿ, ಮಿಕ್ಕಿದ್ದು ಹೊಟ್ಟೆಯೊಳಗೆ, ಲಿವರ್ ಸುತ್ತಮುತ್ತ ಸೇರುತ್ತದೆ. ತೂಕದ ಯಂತ್ರಕ್ಕೆ ಅದು ಕಾಣುವುದಿಲ್ಲ. ಅಳತೆ ಟೇಪಿಗೆ ಕಾಣುತ್ತದೆ.

ಹಾಗಂತ ‘ಕ್ಯಾಲೊರಿ ಎಲ್ಲ ಸುಮ್ನೆ, ತಿನ್ನುವುದು ಒಳ್ಳೆಯದಿದ್ದರೆ ಸಾಕು’ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಲಿವರ್‌ನಿಂದ ಕೊಬ್ಬು ಖಾಲಿಯಾಗಬೇಕಾದರೆ ದೇಹಕ್ಕೆ ಬರುವುದು ಖರ್ಚಿಗಿಂತ ಕಡಿಮೆ ಆಗಲೇಬೇಕು. ಬ್ರಿಟನ್ನಿನಲ್ಲಿ ರಾಯ್ ಟೇಲರ್ ಮತ್ತು ಮೈಕ್ ಲೀನ್ ನಡೆಸಿದ ಡೈರೆಕ್ಟ್ ಎಂಬ ಪ್ರಯೋಗದಲ್ಲಿ ಟೈಪ್ 2 ಮಧುಮೇಹಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಮಾತ್ರ ಕೊಟ್ಟರು. ಒಂದು ವರ್ಷದ ಹೊತ್ತಿಗೆ 46% ಜನ ಮಾತ್ರೆ ಇಲ್ಲದೆ ಮಧುಮೇಹದ ಗಡಿಯಿಂದ ಹೊರಗಿದ್ದರು. 15 ಕೆ.ಜಿ.ಗೂ ಮೇಲೆ ಇಳಿಸಿದವರಲ್ಲಿ ಅದು 86%. ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ, ಒಂದು ಅವಧಿಗೆ ಮಾತ್ರ ನಡೆದ ಚಿಕಿತ್ಸೆ. ಅದನ್ನು ನೋಡಿ ಮನೆಯಲ್ಲಿ ತಾನೇ ಶುರುಮಾಡುವಂಥದ್ದಲ್ಲ. ನಿಮಗೆ 15 ಕೆ.ಜಿ. ಇಳಿಸುವ ಅಗತ್ಯವೂ ಇಲ್ಲ. ಮೂರ್ನಾಲ್ಕು ಕೆ.ಜಿ. ಇಳಿದರೂ, ಸೊಂಟ ಕರಗಿದರೆ, ದೊಡ್ಡ ವ್ಯತ್ಯಾಸ ಆಗುತ್ತದೆ. 2002ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದು ನಿಮ್ಮದೇ ಮೆಟ್ಟಿಲಲ್ಲಿದ್ದ 3,000ಕ್ಕೂ ಹೆಚ್ಚು ಜನರನ್ನು ನೋಡಿತು. ತೂಕದ 7% ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟ ಗುಂಪಿನಲ್ಲಿ ಮಧುಮೇಹ ಬರುವುದು 58% ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ನುಂಗಿದವರಲ್ಲಿ 31%.

ಈಗ ‘ಕಡಿಮೆ ತಿಂದರೆ ಜಾಸ್ತಿ ಬದುಕುತ್ತಾರಾ’ ಎಂಬ ಪ್ರಶ್ನೆ. ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು, ಯಾಕೆಂದರೆ ಇದರ ಉತ್ತರ ಕೋತಿಗಳು ಕೊಟ್ಟಿವೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಎರಡು ಕಡೆ ರೀಸಸ್ ಕೋತಿಗಳ ಮೇಲೆ ಈ ಪ್ರಯೋಗ ಶುರುವಾಯಿತು. ಅರ್ಧ ಕೋತಿಗಳಿಗೆ ಮಾಮೂಲಿ ಊಟ, ಇನ್ನರ್ಧಕ್ಕೆ ಕ್ಯಾಲೊರಿಯಲ್ಲಿ ಸುಮಾರು 30% ಕಡಿತ. 2009ರಲ್ಲಿ ವಿಸ್ಕಾನ್ಸಿನ್ ತಂಡ ‘ಕಡಿಮೆ ತಿಂದವು ಚೆನ್ನಾಗಿವೆ, ವಯಸ್ಸಿನ ಕಾಯಿಲೆಗಳಿಂದ ಸಾಯುವುದು ಕಡಿಮೆ’ ಎಂದಿತು. 2012ರಲ್ಲಿ ಇನ್ನೊಂದು ತಂಡ, ಅಂದರೆ ವೃದ್ಧಾಪ್ಯದ ಅಧ್ಯಯನ ಮಾಡುವ ಅಲ್ಲಿನ ರಾಷ್ಟ್ರೀಯ ಸಂಸ್ಥೆ, ‘ಆಯಸ್ಸಿನಲ್ಲಿ ವ್ಯತ್ಯಾಸ ಇಲ್ಲ’ ಎಂದಿತು. ಗೊಂದಲವೋ ಗೊಂದಲ.

ತಟ್ಟೆ ನೋಡಿದಾಗ ವಿಷಯ ಹೊರಬಂತು. ವಿಸ್ಕಾನ್ಸಿನ್ ಕೋತಿಗಳ ಆಹಾರದಲ್ಲಿ ಸಕ್ಕರೆಯೇ ಸುಮಾರು 28%, ಕಡಿತ ಇಲ್ಲದ ಗುಂಪಿಗೆ ಬೇಕಾದಷ್ಟು ತಿನ್ನುವ ಅವಕಾಶ ಬೇರೆ. ಇನ್ನೊಂದು ಕಡೆ ಧಾನ್ಯ, ಮೀನು ಇತ್ಯಾದಿಗಳಿಂದ ಮಾಡಿದ ಆಹಾರ. ಸಕ್ಕರೆ 4% ಅಷ್ಟೇ, ಮಾಮೂಲಿ ಗುಂಪಿಗೂ ಮಿತಿ ಹಾಕಿ ಕೊಡುತ್ತಿದ್ದರು. ಸಕ್ಕರೆ ತುಂಬಿದ ಊಟ ಬೇಕಾಬಿಟ್ಟಿ ತಿನ್ನುವವರಿಗೆ ಹೋಲಿಸಿದರೆ ಕಡಿಮೆ ತಿನ್ನುವುದು ಭಾರೀ ಲಾಭ. ಮೊದಲೇ ಹದವಾಗಿ, ಒಳ್ಳೆಯದು ತಿನ್ನುವವರಿಗೆ ಇನ್ನೂ ಕಡಿತ ಮಾಡಿದರೆ ಸಿಗುವುದು ಅಲ್ಪ. ನಿಮ್ಮ ಇಡೀ ಪ್ರಶ್ನೆಗೆ ಇದೇ ನನ್ನ ಉತ್ತರ ಎಂದರೂ ನಡೆಯುತ್ತದೆ.

ಮನುಷ್ಯರ ಮೇಲೆ ನಡೆದದ್ದು ‘ಕ್ಯಾಲರಿ’ (CALERIE) ಎಂಬ ಹೆಸರಿನ ಎರಡು ವರ್ಷದ ಪ್ರಯೋಗ. ದಪ್ಪ ಇಲ್ಲದವರಿಗೆ 25% ಕಡಿತದ ಗುರಿ ಕೊಟ್ಟರು. ಆದರೆ ಅವರ ಕೈಲಾದದ್ದು ಸುಮಾರು 12%. ರಕ್ತದೊತ್ತಡ, ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ಎಲ್ಲ ಚೆನ್ನಾಗಿ ಇಳಿದವು. ಜೊತೆಗೆ ಸೊಂಟದ ಕೀಲು, ಬೆನ್ನುಮೂಳೆಯ ಮೂಳೆ ಸಾಂದ್ರತೆಯೂ ಕಡಿಮೆಯಾಯಿತು. ಆಯಸ್ಸು ಜಾಸ್ತಿಯಾಗುತ್ತದಾ ಎಂದು ಎರಡು ವರ್ಷದಲ್ಲಿ ಹೇಳಲು ಬರುವುದಿಲ್ಲ.

1,200 ಬೇಡ ಎಂದದ್ದಕ್ಕೆ ಮೂಳೆ ಒಂದು ಕಾರಣ. ಸ್ನಾಯು ಇನ್ನೊಂದು. ಸುಮ್ನೆ ಹೊಟ್ಟೆ ಕಟ್ಟಿ ಇಳಿಸಿದ ತೂಕದಲ್ಲಿ ಕಾಲು ಭಾಗದಷ್ಟು ಸ್ನಾಯುವೇ ಹೋಗಬಹುದು. ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಅಂಗ ಸ್ನಾಯುವೇ ಆದ್ದರಿಂದ ನಿಮಗೆ ಈ ನಷ್ಟ ದುಬಾರಿ. ಮೂರನೆಯದು ತಲೆ. 1944–45ರಲ್ಲಿ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಅವರು 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ದಿನಕ್ಕೆ ಕೊಟ್ಟದ್ದು ಸುಮಾರು 1,600 ಕ್ಯಾಲೊರಿ, ನಿಮ್ಮ 1,200ಕ್ಕಿಂತ ಜಾಸ್ತಿಯೇ. ಅವರು ತುಂಬ ನಡೆಯಬೇಕಿತ್ತು ಎನ್ನುವುದೂ ನಿಜ. ತೂಕದ ಕಾಲು ಭಾಗ ಹೋಯಿತು. ಸಿಡಿಮಿಡಿ, ಚಳಿ, ಮಂಕು ಹಿಡಿಯಿತು. ಹಗಲೂ ರಾತ್ರಿ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ.

‘ನಲವತ್ತು ದಾಟಿತು, ಮೆಟಬಾಲಿಸಂ ಇಳಿಯಿತು’ ಎಂದು ನೀವು ಬರೆದಿಲ್ಲ, ಆದರೆ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ನಂಬಬೇಡಿ. 2021ರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆ ಒಟ್ಟುಗೂಡಿಸಿ ನೋಡಿದಾಗ, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ, 20ರಿಂದ 60 ವರ್ಷದವರೆಗೆ ಖರ್ಚು ಇಳಿಯುವುದೇ ಇಲ್ಲ ಎಂದು ಕಂಡಿತು.

ಎಳೆಯ ವಯಸ್ಸಿನ ಸಕ್ಕರೆ ದಶಕಗಳ ನಂತರವೂ ಲೆಕ್ಕ ಕೇಳುತ್ತದೆ. ಬ್ರಿಟನ್ನಿನಲ್ಲಿ ಯುದ್ಧಕಾಲದ ಸಕ್ಕರೆ ರೇಷನ್ 1953ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಸಕ್ಕರೆ ಬಳಕೆ ಬೇಗನೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಆ ದಿನಾಂಕದ ಆಚೆ ಈಚೆ ಹುಟ್ಟಿದವರನ್ನು ಹೋಲಿಸಿ 2024ರಲ್ಲಿ ಒಂದು ಅಧ್ಯಯನ ಬಂತು. ಗರ್ಭದಲ್ಲಿ ಮತ್ತು ಮೊದಲ ಎರಡು ವರ್ಷ ರೇಷನ್ ಕಾಲ ಕಂಡವರಲ್ಲಿ ಟೈಪ್ 2 ಮಧುಮೇಹ ಬರುವ ಅಪಾಯ ಸುಮಾರು 35%, ಅಧಿಕ ರಕ್ತದೊತ್ತಡ ಬರುವ ಅಪಾಯ 20% ಕಡಿಮೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಿಮ್ಮ ಬಿಸ್ಕತ್ತಿನ ಡಬ್ಬ ನಿಮ್ಮೊಬ್ಬರ ವಿಷಯವಲ್ಲ.

ಇನ್ನೊಂದು ಅಂಕಿ ಹೇಳಿ ಮುಂದೆ ಹೋಗುತ್ತೇನೆ. ಜಗತ್ತಿನಾದ್ಯಂತ 2017ರಲ್ಲಿ ಆಹಾರದ ದೋಷದಿಂದ ಆದ ಸಾವು ಸುಮಾರು 1.1 ಕೋಟಿ ಎಂಬ ಅಂದಾಜಿದೆ. ಅದರಲ್ಲಿ ಮುಂಚೂಣಿಯಲ್ಲಿರುವ ಮೂರು ಕಾರಣ: ಉಪ್ಪು ಜಾಸ್ತಿ, ಇಡೀ ಧಾನ್ಯ ಕಡಿಮೆ, ಹಣ್ಣು ಕಡಿಮೆ. ಮೂರರಲ್ಲಿ ಎರಡು, ತಿನ್ನದೇ ಬಿಟ್ಟದ್ದು. ಕ್ಯಾಲೊರಿ ಪಟ್ಟಿಯಲ್ಲಿ ತಿನ್ನದೇ ಬಿಟ್ಟದ್ದಕ್ಕೆ ಕಾಲಂ ಇರುವುದಿಲ್ಲ ನೋಡಿ. ನಿಮ್ಮ ರಾತ್ರಿಯ ನೂಡಲ್ಸ್ ಪ್ಯಾಕೆಟ್ ಹಿಂಬದಿಯ ಸೋಡಿಯಂ ಅಂಕಿಯನ್ನೂ ಒಮ್ಮೆ ಓದಿ. ದಿನಕ್ಕೆ ಹೇಳಿರುವುದು 2,000 ಮಿ.ಗ್ರಾಂ ಒಳಗೆ.

ಹಾಗಾದರೆ ಏನು ಮಾಡಬೇಕು? ಕೂಲ್ ಡ್ರಿಂಕ್ ಪೂರ್ತಿ ಬಿಡಿ, ಇದರಲ್ಲಿ ರಾಜಿ ಬೇಡ. ಕಾಫಿ ಸಕ್ಕರೆ ಅರ್ಧಕ್ಕೆ ಇಳಿಸಿ, ಎರಡು ಮೂರು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಸಂಜೆ ಬಿಸ್ಕತ್ತಿನ ಜಾಗಕ್ಕೆ ಒಂದು ಹಣ್ಣು, ಒಂದು ಹಿಡಿ ಬಾದಾಮಿಯೋ ಕಡಲೆಕಾಯಿಯೋ. ಮಧ್ಯಾಹ್ನ, ರಾತ್ರಿ ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ, ಮೀನು ಇಂಥದ್ದು, ಉಳಿದದ್ದು ಧಾನ್ಯ, ಆದಷ್ಟು ಪಾಲಿಶ್ ಮಾಡದ್ದು. ವಾರಕ್ಕೆ ಎರಡು ಸಲ ಭಾರ ಎತ್ತುವ ವ್ಯಾಯಾಮ, ಊಟದ ಮೇಲೆ ಹತ್ತು ಹದಿನೈದು ನಿಮಿಷ ನಡಿಗೆ. ಆ್ಯಪ್ ಒಂದು ತಿಂಗಳು ಮುಚ್ಚಿಡಿ. ಎಣಿಸಲೇಬೇಕು ಎನಿಸಿದರೆ ನಾರಿನ ಗ್ರಾಂ ಎಣಿಸಿ.

ಡ್ರಿಂಕ್ ಮತ್ತು ಅರ್ಧ ಸಕ್ಕರೆ ಬಿಟ್ಟರೇ ದಿನಕ್ಕೆ ಸುಮಾರು 190 ಕ್ಯಾಲೊರಿ ಹೋಯಿತು. ಕೆವಿನ್ ಹಾಲ್ ಅವರದ್ದೇ ಇನ್ನೊಂದು ಲೆಕ್ಕದ ಪ್ರಕಾರ, ದಿನಕ್ಕೆ 10 ಕ್ಯಾಲೊರಿ ಕಾಯಂ ಕಡಿಮೆಯಾದರೆ ಕೊನೆಗೆ ಅರ್ಧ ಕೆ.ಜಿ.ಯಷ್ಟು ತೂಕ ಇಳಿಯುತ್ತದೆ. ಅದರ ಅರ್ಧ ಮೊದಲ ವರ್ಷದಲ್ಲಿ, ಉಳಿದದ್ದು ಮೂರು ವರ್ಷದೊಳಗೆ. ಬಿಟ್ಟದ್ದರಲ್ಲಿ ಅರ್ಧ ಬೇರೆ ಕಡೆಯಿಂದ ವಾಪಸ್ ಬಂದರೂ ನಿಮಗೆ ಬೇಕಾದ ನಾಲ್ಕು ಕೆ.ಜಿ. ಅದರಲ್ಲೇ ಇದೆ. ಆತುರ ಬೇಡ ಎನ್ನುವುದು ಇದಕ್ಕೇ.

ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಕೊಡಿ. ಎಚ್‌ಬಿಎ1ಸಿ ಕೂಡ ಮಾಡಿಸಿ, ಅದು ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಹೇಳುತ್ತದೆ. ಟ್ರೈಗ್ಲಿಸರೈಡ್ ಬೇಗ ಬದಲಾಗುವ ಅಂಕಿ, ಸಕ್ಕರೆ ಬಿಟ್ಟ ಕೆಲವೇ ವಾರಗಳಲ್ಲಿ ಇಳಿಯಲು ಶುರುವಾಗುತ್ತದೆ. ಮದ್ಯದ ವಿಷಯ ನೀವು ಬರೆದಿಲ್ಲ. ಅಭ್ಯಾಸ ಇದ್ದರೆ ವೈದ್ಯರಿಗೆ ಮುಚ್ಚಿಡಬೇಡಿ, ಅದೊಂದರಿಂದಲೇ ಟ್ರೈಗ್ಲಿಸರೈಡ್ ಏರಬಹುದು. ಥೈರಾಯ್ಡ್ ಮತ್ತು ಲಿವರ್ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ. ಹಿಂದಿನ ರಾತ್ರಿ ಊಟದ ನಂತರ 10–12 ಗಂಟೆ ನೀರು ಬಿಟ್ಟು ಬೇರೇನೂ ಬೇಡ, ಬೆಳಗಿನ ಕಾಫಿಯೂ ಸೇರಿ. ಇದಕ್ಕೂ ಮುಂಚೆ ಸುಸ್ತು, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಶುರುವಾದರೆ ಮೂರು ತಿಂಗಳು ಕಾಯಬೇಡಿ, ಅದೇ ವಾರ ಹೋಗಿ ತೋರಿಸಿ.